ಅಂಚು ಹಾಕಿದ್ದು ಎಲ್ಲಿ?

ಭೂಗೋಳ ಕಲಿಸಿ ನಿವೃತ್ತರಾದವರಿಗೆ ಸಾಮಾನ್ಯವಾಗಿ ಮೂರು ಗೀಳುಗಳು ಅಂಟಿಕೊಂಡಿರುತ್ತವೆ. ಹಳೆಯ ನಕಾಶೆಗಳನ್ನು ಕೂಡಿಡುವುದು, ಜನಗಣತಿಯ ಕೋಷ್ಟಕಗಳನ್ನು ಹರಡಿಕೊಂಡು ಕೂರುವುದು, ಬೆಟ್ಟ ಬಯಲುಗಳ ಚಿತ್ರ ತೆಗೆಯಲು ಕ್ಯಾಮೆರಾ ಹೆಗಲಿಗೇರಿಸಿ ಹೊರಡುವುದು. ಮನೆಯವರ ಲೆಕ್ಕದಲ್ಲಿ ಮೊದಲನೆಯದು ಅಟ್ಟ ತುಂಬುತ್ತದೆ, ಎರಡನೆಯದು ತಲೆ ತಿನ್ನುತ್ತದೆ, ಮೂರನೆಯದು ಪಿಂಚಣಿ ತಿನ್ನುತ್ತದೆ. ಹೊರಗಿನವರು ಇವನ್ನು ಇನ್ನಷ್ಟು ಗೌರವದಿಂದ ಬೇರ್ಪಡಿಸುತ್ತಾರೆ: ನಕಾಶೆ ಶಾಸ್ತ್ರವಂತೆ, ಅಂಕಿಸಂಖ್ಯೆ ಆಡಳಿತದ್ದಂತೆ, ಛಾಯಾಚಿತ್ರ ಕಲೆಯಂತೆ. ಈ ವಿಂಗಡಣೆಯೇ ತಪ್ಪು ಎಂಬುದು ನನ್ನ ವಾದ. ಮೂರರಲ್ಲೂ ಇರುವುದು ಒಂದೇ ಕಸುಬು. ಮುಗಿಯದ ನೆಲದ ಮೇಲೆ ಎಲ್ಲೋ ಒಂದು ಕಡೆ ಅಂಚು ಹಾಕಿ, ಒಳಗಿದ್ದದ್ದನ್ನು ಇಟ್ಟುಕೊಂಡು ಹೊರಗಿದ್ದದ್ದನ್ನು ಬಿಡುವ ಕಸುಬು ಅದು. ನಕಾಶೆಗೆ ಹಾಳೆಯ ಅಂಚು, ಗಣತಿಗೆ ಗಡಿಯ ಅಂಚು, ಚಿತ್ರಕ್ಕೆ ಚೌಕಟ್ಟಿನ ಅಂಚು. ಭೂಗೋಳದವರ ಕಣ್ಣು ಚಿತ್ರದ ನಡುವಿಗಿಂತ ಮೊದಲು ಅಂಚಿಗೆ ಹೋಗುತ್ತದೆ. ಮೂರೂ ಹವ್ಯಾಸಗಳು ಒಬ್ಬರಲ್ಲೇ ಸೇರುವುದು ಆಕಸ್ಮಿಕವಲ್ಲ, ಏಕೆಂದರೆ ಒಂದು ಎಲ್ಲಿ ಕತ್ತರಿಸುತ್ತದೋ ಅಲ್ಲಿ ಇನ್ನೊಂದು ಮುಂದುವರಿಯುತ್ತದೆ.

ಬೆಂಗಳೂರನ್ನೇ ತೆಗೆದುಕೊಳ್ಳೋಣ. 2001ರ ಗಣತಿಯಲ್ಲಿ ನಗರಪಾಲಿಕೆಯ ಜನಸಂಖ್ಯೆ ಸುಮಾರು 43 ಲಕ್ಷ. 2011ರಲ್ಲಿ 84 ಲಕ್ಷ ದಾಟಿತ್ತು. ಹತ್ತೇ ವರ್ಷದಲ್ಲಿ ಶೇ. 96ರಷ್ಟು ಬೆಳವಣಿಗೆ, ಅಂದರೆ ಹೆಚ್ಚುಕಡಿಮೆ ಇಮ್ಮಡಿ. ಭಾಷಣಕ್ಕೆ ಹೇಳಿ ಮಾಡಿಸಿದ ಅಂಕಿ ಇದು. ಆದರೆ ಆ ಹತ್ತು ವರ್ಷಗಳ ನಡುವೆ, 2007ರಲ್ಲಿ, ಸುತ್ತಲಿನ ಏಳು ನಗರಸಭೆ, ಒಂದು ಪುರಸಭೆ ಮತ್ತು 110 ಹಳ್ಳಿಗಳನ್ನು ಸೇರಿಸಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯನ್ನು ಮಾಡಲಾಯಿತು. ಯಲಹಂಕದಲ್ಲೋ ಕೆಂಗೇರಿಯಲ್ಲೋ ತಮ್ಮ ಪಾಡಿಗೆ ಇದ್ದವರು ಮನೆ ಬದಲಿಸದೆ ಬೆಂಗಳೂರಿಗೆ ವಲಸೆ ಬಂದಂತಾಯಿತು. ಇದೇ ಅವಧಿಯಲ್ಲಿ ಇಡೀ ಬೆಂಗಳೂರು ನಗರ ಜಿಲ್ಲೆಯನ್ನು ಹಿಡಿದರೆ 65 ಲಕ್ಷ ಚಿಲ್ಲರೆ ಇದ್ದದ್ದು 96 ಲಕ್ಷ ದಾಟಿತು, ಬೆಳವಣಿಗೆ ಶೇ. 47. ಊರು ಅದೇ, ಜನ ಅವರೇ, ಎಣಿಸಿದ್ದೂ ಒಂದೇ ಇಲಾಖೆ, ಶೇ. 96 ಮತ್ತು ಶೇ. 47ರ ನಡುವಿನ ಅಂತರವೆಲ್ಲ ಗೆರೆ ಎಳೆದ ಕೈಯದು. ಇನ್ನೊಂದು ಲೆಕ್ಕ ನೋಡಿ. 2011ರಲ್ಲಿ ಕರ್ನಾಟಕದ ಜನಸಂಖ್ಯೆ 6,10,95,297, ಸಾಂದ್ರತೆ ಚದರ ಕಿಲೋಮೀಟರಿಗೆ 319. ಬೆಂಗಳೂರು ನಗರ ಜಿಲ್ಲೆಯೊಂದನ್ನು ಪಕ್ಕಕ್ಕಿಟ್ಟರೆ ಉಳಿದ ರಾಜ್ಯದ ಸಾಂದ್ರತೆ ಸುಮಾರು 271ಕ್ಕೆ ಇಳಿಯುತ್ತದೆ. ದಶಕದ ಬೆಳವಣಿಗೆ ಶೇ. 15.6ರಿಂದ ಶೇ. 11ರ ಆಸುಪಾಸಿಗೆ ಬರುತ್ತದೆ. ರಾಜ್ಯದ ನೆಲದಲ್ಲಿ ನೂರರಲ್ಲಿ ಒಂದು ಪಾಲಿಗಿಂತ ಸ್ವಲ್ಪವೇ ಹೆಚ್ಚಿರುವ ಒಂದು ಜಿಲ್ಲೆ ಇಡೀ ನಾಡಿನ ಸರಾಸರಿಯನ್ನು ಎತ್ತಿ ನಿಲ್ಲಿಸಿದೆ. ಮಲೆನಾಡಿನ ಶಾಲೆಗಳಲ್ಲಿ ಮಕ್ಕಳಿಲ್ಲ ಎನ್ನುವವರೂ ರಾಜ್ಯದಲ್ಲಿ ಜನಸಂಖ್ಯೆ ಉಕ್ಕುತ್ತಿದೆ ಎನ್ನುವವರೂ ಒಂದೇ ಗಣತಿಯನ್ನು ಓದಿ ಒಂದೇ ವೇದಿಕೆಯಲ್ಲಿ ಜಗಳವಾಡಬಹುದು, ಇಬ್ಬರೂ ಸರಿಯಾಗಿಯೇ ಇರಬಹುದು.

ಹಾಗಾದರೆ ಅಂಕಿಸಂಖ್ಯೆಯೆಲ್ಲ ಬರೀ ಕಣ್ಕಟ್ಟೇ ಎಂದು ಯಾರಾದರೂ ಕೇಳಬಹುದು. ಈ ಆಕ್ಷೇಪಕ್ಕೆ ತೂಕವಿದೆ. ಸ್ಟ್ಯಾನ್ ಓಪನ್‌ಶಾ ಮತ್ತು ಪೀಟರ್ ಟೇಲರ್ ಎಂಬ ಇಬ್ಬರು ಭೂಗೋಳ ಶಾಸ್ತ್ರಜ್ಞರು 1979ರಲ್ಲಿ ಇದಕ್ಕೆ ಪುಷ್ಟಿ ಕೊಡುವ ಕೆಲಸವನ್ನೇ ಮಾಡಿದರು. ಅಮೆರಿಕದ ಅಯೊವಾ ರಾಜ್ಯದ 99 ಕೌಂಟಿಗಳಲ್ಲಿ ವೃದ್ಧರ ಪ್ರಮಾಣಕ್ಕೂ ರಿಪಬ್ಲಿಕನ್ ಪಕ್ಷಕ್ಕೆ ಬಿದ್ದ ಮತಕ್ಕೂ ಇರುವ ಸಂಬಂಧವನ್ನು ಅವರು ನೋಡಿದರು. ಕೌಂಟಿಗಳನ್ನು ಬೇರೆ ಬೇರೆ ರೀತಿಯಲ್ಲಿ ಗುಂಪುಗೂಡಿಸುತ್ತ ಹೋದಾಗ ಆ ಸಂಬಂಧ ಬಲವಾದ ಋಣದಿಂದ ಬಲವಾದ ಧನದವರೆಗೆ ಬೇಕಾದ ಕಡೆಗೆಲ್ಲ ವಾಲಿತು. ವೃದ್ಧರು ಹೆಚ್ಚಿದ್ದ ಕಡೆ ಆ ಪಕ್ಷಕ್ಕೆ ಮತ ಹೆಚ್ಚು ಎಂದೂ ತೋರಿಸಬಹುದಿತ್ತು, ಕಡಿಮೆ ಎಂದೂ ತೋರಿಸಬಹುದಿತ್ತು. ಒಂದೇ ಒಂದು ಮತವನ್ನೂ ತಿದ್ದಬೇಕಿರಲಿಲ್ಲ. ಇದನ್ನು ಓದಿ ಕೋಷ್ಟಕಗಳನ್ನು ರದ್ದಿಗೆ ಹಾಕುವವರು ಅವಸರದವರು. ಹೇಗೆ ಬೇಕಾದರೂ ಬಾಗುತ್ತದೆ ಎನ್ನುವುದಕ್ಕೂ ಯಾವ ಗೆರೆಗೆ ಎಷ್ಟು ಬಾಗುತ್ತದೆ ಎಂದು ತೋರಿಸುವುದಕ್ಕೂ ಅಜಗಜಾಂತರ. ಮೊದಲನೆಯದು ಅನುಮಾನ, ಎರಡನೆಯದು ಅಳತೆ. ಭಾರತದ ಗಣತಿಯೂ ತನ್ನ ಲೋಪವನ್ನು ತಾನೇ ಅಳೆಯುತ್ತದೆ. ಎಣಿಕೆ ಮುಗಿದ ಮೇಲೆ ಆಯ್ದ ಕಡೆಗಳಲ್ಲಿ ಮತ್ತೆ ಮನೆಮನೆಗೆ ಹೋಗಿ ಸರಿನೋಡುವ ಸಮೀಕ್ಷೆ ನಡೆಯುತ್ತದೆ. 2011ರಲ್ಲಿ ಸಾವಿರಕ್ಕೆ ಸುಮಾರು 23 ಮಂದಿ ಎಣಿಕೆಯಿಂದ ತಪ್ಪಿದ್ದರು ಎಂದು ಅದೇ ಹೇಳಿತು. ತಾನು ಎಷ್ಟು ತಪ್ಪಿದ್ದೇನೆ ಎಂದು ಅಚ್ಚು ಹಾಕಿಸಿ ಹೇಳುವ ಸಾಕ್ಷಿಯನ್ನು ಕಟಕಟೆಯಿಂದ ಇಳಿಸಿಬಿಡುವುದು ಜಾಣತನವಲ್ಲ.

ಅಂಚಿನ ಪೇಚು ಎಲ್ಲಕ್ಕಿಂತ ಹೆಚ್ಚು ಕಾಣುವುದು ಹಳ್ಳಿಗಳ ಪಟ್ಟಿಯಲ್ಲಿ. 2011ರ ಗಣತಿಯ ಪ್ರಕಾರ ಕರ್ನಾಟಕದಲ್ಲಿ 29,340 ಹಳ್ಳಿಗಳು. ಅವುಗಳಲ್ಲಿ ಜನವಸತಿ ಇರುವವು 27,397. ಉಳಿದ ಸುಮಾರು ಎರಡು ಸಾವಿರ ಹಳ್ಳಿಗಳಿಗೆ ಹೆಸರಿದೆ, ಸರ್ವೆ ನಂಬರುಗಳಿವೆ, ಎಲ್ಲೆಕಲ್ಲುಗಳಿವೆ, ಪಹಣಿಯಲ್ಲಿ ಹೊಲಗಳಿವೆ, ಮನುಷ್ಯರಿಲ್ಲ. ಕಂದಾಯದವರು ಇವನ್ನು ಬೇಚರಾಕ್ ಗ್ರಾಮ ಎನ್ನುತ್ತಾರೆ. ಪ್ಲೇಗು ಬಂತು, ಬಾವಿ ಬತ್ತಿತು, ಕೆರೆ ಒಡೆಯಿತು, ಜನ ಪಕ್ಕದೂರಿಗೆ ಸರಿದರು ಎಂದು ಒಂದೊಂದು ಊರಿಗೆ ಒಂದೊಂದು ಕತೆ ಹೇಳುತ್ತಾರೆ. ಗ್ರಾಮದ ಗಡಿ ಮಾತ್ರ ಜಾಗ ಬಿಟ್ಟು ಕದಲಿಲ್ಲ. ಇದಕ್ಕೆ ನೇರ ವಿರುದ್ಧವಾದದ್ದೂ ಇದೇ ನಾಡಿನಲ್ಲಿದೆ. ಲಂಬಾಣಿ ತಾಂಡಾಗಳು, ಗೊಲ್ಲರ ಹಟ್ಟಿಗಳು, ಕಾಡಂಚಿನ ಹಾಡಿಗಳು ಎಷ್ಟೋ ಕಡೆ ತಲೆಮಾರುಗಳಿಂದ ನಿಂತಿದ್ದರೂ ಸ್ವಂತ ಕಂದಾಯ ಗ್ರಾಮವಾಗಿರಲಿಲ್ಲ. ಅಲ್ಲಿನ ಜನ ಎಣಿಕೆಗೆ ಸಿಕ್ಕರು. ಆದರೆ ಯಾವುದೋ ಬೇರೆ ಊರಿನ ಸಾಲಿನಲ್ಲಿ ಕೂಡಿಹೋದರು. ಒಂದು ಕಡೆ ಜನವಿಲ್ಲದ ಊರು, ಇನ್ನೊಂದು ಕಡೆ ಊರಿಲ್ಲದ ಜನ. ಕೋಷ್ಟಕವನ್ನು ಎಷ್ಟು ಹೊತ್ತು ದಿಟ್ಟಿಸಿದರೂ ಎರಡನೆಯದು ಕಾಣುವುದಿಲ್ಲ, ಏಕೆಂದರೆ ಅದಕ್ಕೊಂದು ಸಾಲೇ ಇಲ್ಲ. ಸರ್ವೆ ಆಫ್ ಇಂಡಿಯಾದ ಟೋಪೊಶೀಟ್ ಬಿಡಿಸಿದರೆ ಕಾಣುತ್ತದೆ. ಆ ಹಾಳೆಗೆ ಕಂದಾಯದ ಹಂಗಿಲ್ಲ. ಮನೆ ಕಂಡಲ್ಲಿ ಚುಕ್ಕೆ, ಬಾವಿ ಕಂಡಲ್ಲಿ ಗುರುತು, ನೀರು ನಿಂತ ಕೆರೆಗೆ ನೀಲಿ, ಏರುತಗ್ಗಿಗೆ ಕಂದು ಗೆರೆ. ಊರಿನ ಗುಡಿಯಿಂದ ಎರಡು ಮೈಲಿ ದೂರದ ಚುಕ್ಕೆಗಳ ಗುಂಪೊಂದು ಕಂಡರೆ ಅಲ್ಲಿ ಯಾರೋ ಇದ್ದಾರೆ ಎಂದಾಯಿತು. ಇಂಥ ತಾಂಡಾ ಹಟ್ಟಿಗಳನ್ನು ಕಂದಾಯ ಗ್ರಾಮಗಳೆಂದು ಘೋಷಿಸಿ ಹಕ್ಕುಪತ್ರ ಕೊಡುವ ಕೆಲಸ ಇತ್ತೀಚೆಗೆ ನಡೆದಿದೆ. 2023ರ ಜನವರಿಯಲ್ಲಿ ಕಲಬುರಗಿ ಜಿಲ್ಲೆಯ ಮಳಖೇಡದಲ್ಲಿ ಐವತ್ತು ಸಾವಿರಕ್ಕೂ ಹೆಚ್ಚು ಕುಟುಂಬಗಳಿಗೆ ಅವು ಸಿಕ್ಕವು. ಗೆರೆಯೊಂದು ಎಲ್ಲಿ ಬಿತ್ತು ಎಂಬ ಕುತೂಹಲ ಕೆಲಸವಿಲ್ಲದವರ ಕಾಲಕ್ಷೇಪ ಎನ್ನುವವರು ಆ ಕಾಗದಗಳನ್ನು ಕಾಯುತ್ತ ಕೂತಿದ್ದವರನ್ನು ಕೇಳಬೇಕು.

ಛಾಯಾಚಿತ್ರವನ್ನು ಈ ಸಾಲಿಗೆ ಎಳೆತಂದರೆ ಕಲಾವಿದರು ಮುನಿಯಬಹುದು. ನಕಾಶೆ, ಗಣತಿ ನಿಜಕ್ಕೆ ಉತ್ತರ ಕೊಡಬೇಕಾದವು. ಚಿತ್ರ ಉತ್ತರ ಕೊಡಬೇಕಾದ್ದು ಕಣ್ಣಿಗೆ ಮಾತ್ರ ಎಂದು ಅವರ ಮಾತು. ಅಮೆರಿಕದ ಆನ್ಸೆಲ್ ಆಡಮ್ಸ್ 1944ರಲ್ಲಿ ಕ್ಯಾಲಿಫೋರ್ನಿಯಾದ ಲೋನ್ ಪೈನ್ ಊರಿನಿಂದ ಸಿಯೆರಾ ನೆವಾಡದ ಚಳಿಗಾಲದ ಸೂರ್ಯೋದಯವನ್ನು ತೆಗೆದರು. ಭೂದೃಶ್ಯ ಛಾಯಾಗ್ರಹಣದಲ್ಲಿ ಅದಕ್ಕಿಂತ ಹೆಸರಾದ ಚಿತ್ರಗಳು ಕಡಿಮೆ: ಮೇಲೆ ಬೆಳಗುವ ಹಿಮದ ಸಾಲು, ನಡುವೆ ಕಪ್ಪು ಗುಡ್ಡ, ಕೆಳಗೆ ಬಿಸಿಲು ಬಿದ್ದ ಹುಲ್ಲಿನಲ್ಲಿ ಮೇಯುವ ಒಂದು ಕುದುರೆ. ಆ ಗುಡ್ಡದ ಮೇಲೆ ಊರಿನ ಶಾಲೆಯ ಹುಡುಗರು ಬಿಳಿಗಲ್ಲಿನಿಂದ ಊರಿನ ಹೆಸರಿನ ಎರಡು ಅಕ್ಷರ ಬರೆದಿದ್ದರು. ಆಡಮ್ಸ್ ನೆಗೆಟಿವ್‌ನಲ್ಲೇ ಅವನ್ನು ಅಳಿಸಿದರು, ಅಳಿಸಿದ್ದನ್ನು ಮುಚ್ಚಿಡಲಿಲ್ಲ. ಅದಿರಲಿ, ಹುಡುಗರ ಕೀಟಲೆ. ಅಲ್ಲಿಂದ ಕೆಲವೇ ಮೈಲಿಗಳಾಚೆ, ಅದೇ ಕಣಿವೆಯಲ್ಲಿ, ಮಾಂಜನಾರ್ ಶಿಬಿರವಿತ್ತು. ಯುದ್ಧಕಾಲದಲ್ಲಿ ಜಪಾನಿ ಮೂಲದ ಹತ್ತು ಸಾವಿರದಷ್ಟು ಜನರನ್ನು ಮುಳ್ಳುತಂತಿಯೊಳಗೆ ಇಟ್ಟಿದ್ದ ಜಾಗ. ಆಡಮ್ಸ್ ಆ ದಿನಗಳಲ್ಲಿ ಆ ಕಡೆಗೆ ಹೋಗುತ್ತಿದ್ದುದೇ ಆ ಶಿಬಿರದ ಚಿತ್ರ ತೆಗೆಯಲು, ಮತ್ತು ಅವನ್ನು ಅದೇ ವರ್ಷ ಪುಸ್ತಕವಾಗಿ ತಂದರು ಕೂಡ. ಸೂರ್ಯೋದಯದ ಚಿತ್ರವನ್ನು ಯಾರೂ ಸುಳ್ಳು ಎನ್ನಲಾರರು. ಹಿಮ ಅಲ್ಲಿತ್ತು, ಬೆಳಕು ಅಲ್ಲಿತ್ತು. ಆದರೆ ನಿರ್ಜನತೆ ಅಲ್ಲಿರಲಿಲ್ಲ, ಅದು ಚೌಕಟ್ಟಿನಿಂದ ಬಂದದ್ದು. ಚಿತ್ರ ಕೆಟ್ಟದ್ದೆಂದು ಇದರಿಂದ ಆಗುವುದಿಲ್ಲ. ಪಕ್ಕದಲ್ಲಿ ಆ ಕಣಿವೆಯ ನಕಾಶೆಯೂ ಒಂದು ಜನಸಂಖ್ಯೆಯ ಅಂಕಿಯೂ ಇದ್ದರೆ ಚಿತ್ರ ಇನ್ನಷ್ಟು ಆಳವಾಗಿ ಕಾಣುತ್ತದೆ, ಅಷ್ಟೆ. ಕಲೆಗೆ ಇದರಿಂದ ಏನು ನಷ್ಟ ಎಂಬುದು ನನಗೆ ತಿಳಿಯದು.

ನಮ್ಮಲ್ಲಿ ಇದೇ ಪಾಠಕ್ಕೆ ಕೊಡಗಿದೆ. ಕ್ಯಾಲೆಂಡರಿನ ಕೊಡಗು ಎಂದರೆ ಮಂಜು ಕವಿದ ಶೋಲಾ ಕಾಡು, ಹುಲ್ಲು ನೆತ್ತಿಯ ಬೆಟ್ಟ, ಒಂದು ಒಂಟಿ ಮರ. ಗಣತಿಯೂ ತಲೆದೂಗುವಂತೆಯೇ ಕಾಣುತ್ತದೆ: 2011ರಲ್ಲಿ ಚದರ ಕಿಲೋಮೀಟರಿಗೆ 135 ಜನ, ರಾಜ್ಯದಲ್ಲೇ ಕಡಿಮೆ, ದಶಕದ ಬೆಳವಣಿಗೆ ಶೇ. 1ರ ಆಸುಪಾಸು. ಇನ್ನೊಂದು ಕಾಫಿ ಜಿಲ್ಲೆ ಚಿಕ್ಕಮಗಳೂರಿನಲ್ಲಿ ಜನಸಂಖ್ಯೆ ಸ್ವಲ್ಪ ಕುಗ್ಗಿಯೇ ಇತ್ತು. ಚಿತ್ರವೂ ಅಂಕಿಯೂ ಕೈಜೋಡಿಸಿ ಇದು ಖಾಲಿ ನಾಡು ಎನ್ನುತ್ತವೆ. ಆದರೆ ಕೊಡಗಿನ ನೆಲದಲ್ಲಿ ದೊಡ್ಡ ಪಾಲು ಕಾಡು. ಅದನ್ನು ಕಳೆದು, ಜನ ಬಾಳುವ ತೋಟ ಗದ್ದೆಗಳಿಗೆ ಮಾತ್ರ ಅದೇ ಜನರನ್ನು ಹಂಚಿದರೆ ಸಾಂದ್ರತೆ ಮೇಲೇರುತ್ತದೆ. ಟೋಪೊಶೀಟ್ ಇಟ್ಟುಕೊಂಡರೆ ಇದು ಗೊತ್ತಾಗುತ್ತದೆ: ಗೆರೆಗಳು ಒತ್ತೊತ್ತಾಗಿರುವ ಕಡಿದಾದ ಪಡುವಣ ಅಂಚಿನಲ್ಲಿ ಮನೆ ಗುರುತು ವಿರಳ, ಗೆರೆ ಸಡಿಲವಾಗುವ ಮೂಡಣದಲ್ಲಿ ದಾರಿ, ಊರು, ತೋಟ ಎಲ್ಲ ದಟ್ಟ. ಇನ್ನು ತೋಟದೊಳಗಿನ ಲೈನ್‌ಮನೆಗಳು. ನೆರಳಿನ ಮರಗಳ ಕೆಳಗೆ ಸಾಲಾಗಿ ನಿಂತ ಆ ಕಾರ್ಮಿಕರ ಮನೆಗಳು ಪ್ರವಾಸಿಯ ಚಿತ್ರದಲ್ಲಿ ಇರುವುದಿಲ್ಲ. ಎತ್ತರದಿಂದ ತೆಗೆದರೆ ಮರದ ಹೊದಿಕೆಯೇ ಕಾಣುತ್ತದೆ, ರಸ್ತೆಯಿಂದ ತೆಗೆದರೆ ಬೇಲಿ. ಕಾಫಿ ಕೊಯ್ಲಿಗೆ ಹೊರಗಿನಿಂದ ಜನ ಬರುವುದು ಚಳಿಗಾಲದಲ್ಲಿ. 2011ರ ಎಣಿಕೆ ನಡೆದದ್ದು ಫೆಬ್ರವರಿ 9ರಿಂದ 28ರವರೆಗೆ. ಆ ದಿನಗಳುದ್ದಕ್ಕೂ ಸ್ವಂತ ಊರಿನಿಂದ ಹೊರಗಿದ್ದವರನ್ನು ಸಿಕ್ಕಿದ ಕಡೆಯೇ ಎಣಿಸುವುದು ನಿಯಮ. ಅಂದರೆ ಗಣತಿಗೆ ನೆಲದ ಅಂಚಿನ ಜೊತೆಗೆ ಕಾಲದ ಅಂಚೂ ಇದೆ. ಫೆಬ್ರವರಿಯ ಕೊಡಗೂ ಜುಲೈಯ ಕೊಡಗೂ ಒಂದೇ ಕೊಡಗಲ್ಲ, ಕಬ್ಬು ಕಡಿಯುವ ಗ್ಯಾಂಗುಗಳು ಬಂದಿಳಿದಾಗಿನ ಬೆಳಗಾವಿಯ ಹಳ್ಳಿ ಮಳೆಗಾಲದ ಹಳ್ಳಿಯಲ್ಲದ ಹಾಗೆ.

ಉಪಗ್ರಹ ಇರುವಾಗ ಇಷ್ಟೆಲ್ಲ ಏಕೆ ಎಂಬುದು ಈಗಿನ ಕಾಲದ ಆಕ್ಷೇಪ. ಇಡೀ ಭೂಮಿಯೇ ಅಂಗೈಯಲ್ಲಿದೆ, ಎರಡು ಬೆರಳಿನಿಂದ ಹಿಗ್ಗಿಸಿದರೆ ನಿಮ್ಮ ಮನೆಯ ಹೆಂಚೂ ಕಾಣುತ್ತದೆ ಎನ್ನುತ್ತಾರೆ. ಹೆಂಚು ಕಾಣುತ್ತದೆ, ನಿಜ. ಹೆಂಚಿನ ಕೆಳಗೆ ಎಷ್ಟು ಮಂದಿ ಎಂಬುದು ಕಾಣುವುದಿಲ್ಲ, ಮಕ್ಕಳು ಎಲ್ಲಿಗೆ ಹೋದರು ಎಂಬುದಂತೂ ಇಲ್ಲವೇ ಇಲ್ಲ. ಅದಕ್ಕಿಂತ ಮುಖ್ಯವಾದ ನಷ್ಟ ಬೇರೆಯದು. ಮುದ್ರಿತ ಹಾಳೆಯ ಅಂಚಿನಲ್ಲಿ ಅದರ ಜಾತಕವೇ ಇರುತ್ತಿತ್ತು: ಯಾವ ವರ್ಷದ ಸರ್ವೆ, ಪ್ರಮಾಣ ಎಷ್ಟು, ದಿಕ್ಸೂಚಿಯ ಮುಳ್ಳು ಉತ್ತರದಿಂದ ಎಷ್ಟು ಸರಿದಿದೆ, ಎರಡು ಗೆರೆಗಳ ನಡುವೆ ಎಷ್ಟು ಮೀಟರು. ಈ ಹಾಳೆ ಇಂಥ ವರ್ಷದ್ದು, ಅದಾದ ಮೇಲೆ ಬಂದದ್ದು ತನಗೆ ಗೊತ್ತಿಲ್ಲ ಎಂದು ಹಾಳೆಯೇ ಹೇಳುತ್ತಿತ್ತು. ಫೋನಿನ ನಕಾಶೆಗೆ ಅಂಚೇ ಇಲ್ಲ. ಎಲ್ಲಿಗೆ ಎಳೆದರೂ ಮುಂದುವರಿಯುತ್ತದೆ, ಹಿಗ್ಗಿಸಿದಂತೆ ಹೆಸರುಗಳು ಮೂಡುತ್ತವೆ, ಕುಗ್ಗಿಸಿದಂತೆ ಮಾಯವಾಗುತ್ತವೆ. ಯಾವ ಹೆಸರು ಉಳಿಯಬೇಕು, ಯಾವುದು ಹೋಗಬೇಕು ಎಂದು ಯಾರೋ ಗೊತ್ತುಮಾಡಿದ್ದಾರೆ. ಆ ನಿರ್ಧಾರ ಹಾಳೆಯ ಮೂಲೆಯಲ್ಲಿ ಬರೆದಿಲ್ಲ. ಊರಿನ ಕೆರೆಯ ಹೆಸರು ಬರುವುದಕ್ಕೆ ಮುಂಚೆ ಬೇಕರಿಯ ಹೆಸರು ಬಂದರೆ ಅಲ್ಲೊಂದು ಆಯ್ಕೆ ನಡೆದಿದೆ ಎಂದರ್ಥ. ದಾರಿ ಹುಡುಕಲು ಫೋನು ಹಾಳೆಗಿಂತ ಮೇಲು ಎಂಬುದರಲ್ಲಿ ಎರಡು ಮಾತಿಲ್ಲ. ನೆಲವನ್ನು ಓದಲು ಬೇಕಾದದ್ದು ಮಾತ್ರ ತಾನು ಏನನ್ನು ಬಿಟ್ಟಿದ್ದೇನೆ ಎಂದು ಹೇಳುವ ನಕಾಶೆ.

2021ರಲ್ಲಿ ಆಗಬೇಕಿದ್ದ ಗಣತಿ ಮುಂದಕ್ಕೆ ಹೋಗಿ, ಅದರ ನಿರ್ಣಾಯಕ ದಿನ 2027ರ ಮಾರ್ಚ್ 1 ಎಂದು ಗೊತ್ತಾಗಿದೆ. ಇತ್ತ 2025ರ ಸೆಪ್ಟೆಂಬರಿನಲ್ಲಿ ಬೆಂಗಳೂರು ಐದು ನಗರಪಾಲಿಕೆಗಳಾಗಿ ಹಂಚಿಹೋಯಿತು. ಹೊಸ ಕೋಷ್ಟಕ ಬಂದಾಗ 2011ರ 84 ಲಕ್ಷದ ಪಕ್ಕದಲ್ಲಿ ಯಾವ ಅಂಕಿಯನ್ನು ಇಡುವುದು? ಐದರ ಮೊತ್ತವನ್ನೋ, ಜಿಲ್ಲೆಯನ್ನೋ, ಹೊಸಕೋಟೆ, ಆನೇಕಲ್ಲುಗಳ ಕಡೆಗೆ ಹರಿದ ಬಡಾವಣೆಗಳನ್ನೂ ಸೇರಿಸಿಯೋ? ನಗರ ಬೆಳೆಯುವುದು ನಿಂತಿತು ಎಂದೊಬ್ಬರು, ಸ್ಫೋಟಿಸಿತು ಎಂದಿನ್ನೊಬ್ಬರು ಬರೆಯುವುದು ಖಂಡಿತ. ಅಷ್ಟು ಹೊತ್ತಿಗೆ ಅಟ್ಟದಿಂದ ಹಳೆಯ ಹಾಳೆಗಳನ್ನು ಇಳಿಸಿ, 2001ರ ಗಡಿಯ ಮೇಲೆ 2007ರ ಗಡಿ, ಅದರ ಮೇಲೆ 2025ರ ಗಡಿ ಎಳೆದು ಇಟ್ಟುಕೊಂಡವರು ಇದ್ದರೆ ಆ ಜಗಳದಲ್ಲಿ ಅವರಿಗೆ ಸ್ವಲ್ಪ ಕೆಲಸವಿರುತ್ತದೆ. ಕ್ಯಾಮೆರಾ ಇರುವವರು ಈಗಲೇ ಹೊರಡಬಹುದು. ಗೆರೆ ಬಿದ್ದ ಕಡೆಯಲ್ಲಿ ಇನ್ನೂ ರಾಗಿ ಹೊಲಗಳಿವೆ.