ಗಂಟಿನ ಚುಕ್ಕೆ, ಅಚ್ಚಿನ ಚುಕ್ಕೆ

ಕಳೆದ ಬೇಸಗೆ ರಜೆಯಲ್ಲಿ ನಾವು ತಾಯಿಯ ತವರಾದ ಒಡ್ಡನ್‌ಛತ್ರಂಗೆ ಹೋಗಿದ್ದೆವು. ತಮಿಳುನಾಡಿನ ದಿಂಡಿಗಲ್ ಜಿಲ್ಲೆಯ ಈ ಊರು ತರಕಾರಿ ಮಾರುಕಟ್ಟೆಗೆ ಹೆಸರಾದದ್ದು. ಮನೆಯೊಳಗೆ ಕನ್ನಡ, ಬೀದಿಯಲ್ಲಿ ತಮಿಳು ಆಡುವ ಕುಟುಂಬಗಳು ಆ ಸೀಮೆಯಲ್ಲಿ ತಲೆಮಾರುಗಳಿಂದ ಇವೆ. ನಮ್ಮ ಓದೂ ಈ ಎರಡು ಭಾಷೆಗಳಲ್ಲೇ ನಡೆಯಿತು.

ಒಂದು ಮಧ್ಯಾಹ್ನ ಸೋದರಮಾವನ ಹೆಂಡತಿ, ನಮ್ಮ ಅತ್ತೆ, ಪೆಟ್ಟಿಗೆಯಿಂದ ಎರಡು ಸುಂಗುಡಿ ಸೀರೆಗಳನ್ನು ತೆಗೆದರು. ಎರಡೂ ಅದೇ ಜಿಲ್ಲೆಯ ಚಿನ್ನಾಳಪಟ್ಟಿಯವು. ಬಟ್ಟೆಯನ್ನು ಚಿಟಿಕೆಯಷ್ಟು ಹಿಡಿದು, ದಾರದಿಂದ ಬಿಗಿದು, ಬಣ್ಣದಲ್ಲಿ ಅದ್ದಿ, ಆಮೇಲೆ ಗಂಟು ಬಿಚ್ಚಿದರೆ ಬಿಳಿಯ ಚುಕ್ಕೆ ಮೂಡುತ್ತದೆ. ಸಾವಿರಾರು ಗಂಟುಗಳಿಗೆ ಒಂದು ಸೀರೆ. 2005ರಲ್ಲಿ ಮದುರೆ ಸುಂಗುಡಿಗೆ ಭೌಗೋಳಿಕ ಗುರುತಿನ ಮಾನ್ಯತೆಯೂ ದೊರೆಯಿತು. ಈಗ ಅದೇ ಚುಕ್ಕೆಗಳನ್ನು ಅಚ್ಚೊತ್ತಿಯೂ ಮಾರುತ್ತಾರೆ.

“ಯಾವುದು ಚೆನ್ನ?” ಎಂದೆವು.

“ಎರಡೂ ಉಡ್ತೀನಪ್ಪ. ಆದ್ರೆ ಗಂಟು ಕಟ್ಟೋರೇ ಇಲ್ದೆ ಹೋದ್ರೆ, ಅಚ್ಚು ಹಾಕೋನು ಏನು ನೋಡಿ ಹಾಕ್ತಾನೆ?”

ಆ ಮಾತು ನಮಗೆ ಚುಚ್ಚಿತು. ಕಾರಣವಿದೆ. ಕೆಲವು ವರ್ಷಗಳ ಹಿಂದೆ ಇದೇ ವಾರ್ಷಿಕ ಸಂಚಿಕೆಯ ಕೈಬರಹದ ಪುಟಗಳನ್ನು ನಾವು ಕೈಬಿಟ್ಟೆವು. ಶೀರ್ಷಿಕೆಗಳನ್ನು ಕುಂಚದಿಂದ ಬರೆಯುತ್ತಿದ್ದ ಒಂಬತ್ತನೆಯ ತರಗತಿಯ ಹುಡುಗಿಗೆ, “ಇನ್ನು ಬೇಡಮ್ಮ, ಕಂಪ್ಯೂಟರಿನಲ್ಲಿ ಅಂದವಾದ ಅಕ್ಷರಗಳಿವೆ” ಎಂದೆವು. ಆಕೆ “ಆಯ್ತು ಸರ್” ಎಂದು ಕುಂಚ ತೊಳೆದಿಟ್ಟಳು. ಸಂಚಿಕೆ ಅಚ್ಚುಕಟ್ಟಾಗಿ ಬಂತು. ಎಲ್ಲ ಶೀರ್ಷಿಕೆಗಳೂ ಒಂದೇ ಮುಖದವು. ಶಾಲೆ ಬಿಡುವವರೆಗೂ ಆಕೆ ಮತ್ತೊಂದು ಚಿತ್ರ ಕೊಡಲಿಲ್ಲ.

ಹಾಗೆಂದು ಯಂತ್ರವನ್ನು ಹಳಿಯಲಾರೆವು. ಕೈಬರಹ ಕೆಟ್ಟದೆಂದು ಬೈಸಿಕೊಂಡು ಬರೆಯುವುದನ್ನೇ ಬಿಟ್ಟಿದ್ದ ಹುಡುಗನೊಬ್ಬ ‘ನುಡಿ’ ಕೀಲಿಮಣೆ ಕಲಿತ. ಕೆ. ಪಿ. ರಾವ್ ಅವರ ವಿನ್ಯಾಸವನ್ನು ಆಧರಿಸಿದ ಆ ಕೀಲಿಮಣೆಯಲ್ಲಿ ‘ಅಕ್ಕ’ ಎನ್ನಲು ಅ, ಕ ಒತ್ತಿ, ನಡುವೆ ‘ಎಫ್’ ಕೀಲಿಯೊತ್ತಿ, ಮತ್ತೆ ಕ ಒತ್ತಬೇಕು. ಒತ್ತಕ್ಷರದ ಗುಟ್ಟು ಅವನಿಗೆ ಕರಿಹಲಗೆಯ ಮುಂದೆ ಹೊಳೆದಿರಲಿಲ್ಲ, ಅಲ್ಲಿ ಹೊಳೆಯಿತು. ಎರಡು ಪುಟದ ಕಥೆಯನ್ನೇ ಬರೆದು ತಂದ.

ಆದ್ದರಿಂದ ಈ ವರ್ಷ ಹೀಗೆ ಮಾಡಿದ್ದೇವೆ. ಮೊದಲ ಕರಡು ನೋಟ್‌ಬುಕ್ಕಿನಲ್ಲಿ, ಹೊಡೆದು ತಿದ್ದಿದ ಗುರುತುಗಳ ಸಮೇತ. ಕೈ ಓಡದವರಿಗೆ ಕೀಲಿಮಣೆ. ಶೀರ್ಷಿಕೆಗಳು ಮಾತ್ರ ಮಕ್ಕಳ ಕುಂಚದಿಂದಲೇ; ಅವನ್ನು ಸ್ಕ್ಯಾನ್ ಮಾಡಿ ಪುಟಕ್ಕೆ ಸೇರಿಸಿದ್ದೇವೆ. ಕೆಲವು ಅಕ್ಷರಗಳು ತುಸು ವಾಲಿವೆ. ತಿದ್ದಲು ಹೋಗಲಿಲ್ಲ.

ಆ ಹುಡುಗಿಗೆ ಒಂದು ಪ್ರತಿಯನ್ನು ಅಂಚೆಯಲ್ಲಿ ಕಳಿಸುವವರಿದ್ದೇವೆ. ಮೇಲಿನ ವಿಳಾಸವನ್ನು ನಾವೇ ಕೈಯಾರೆ ಬರೆಯುತ್ತೇವೆ.