ಮುಂದಿನ ಸೊನ್ನೆ

ದೋಷಗಳಲ್ಲಿ ನನಗೆ ಬಲು ಪ್ರಿಯವಾದದ್ದು ಆಗೀಗ ಮಾತ್ರ ಮುಖ ತೋರಿಸುವಂಥದ್ದು. ಅದರ ಬೆನ್ನು ಹತ್ತಿದೆನೆಂದರೆ ಮನೆಯವರು ಊಟಕ್ಕೆ ಕರೆಯುವುದನ್ನೇ ಬಿಟ್ಟುಬಿಡುತ್ತಾರೆ.

ಖಾನಾಪುರದ ಕಡೆಯ ತೋಟಗಳಲ್ಲಿ ಪಂಪಿಗೆ ಕೂಡಿಸಿದ ಪೆಟ್ಟಿಗೆಗಳು ಬೆಳಗಾವಿಯ ಉದ್ಯಮಬಾಗದಲ್ಲಿರುವ ನಮ್ಮ ಸರ್ವರಿನೊಂದಿಗೆ ಮಾತಾಡಬೇಕು. ಮಾತಿಗೆ ಮೊದಲು ಇಬ್ಬರಿಗೂ ಒಂದೇ ಗುಟ್ಟಿನ ಕೀಲಿ ಬೇಕು. ಅದನ್ನು ಯಾರೂ ಯಾರಿಗೂ ಕಳಿಸುವುದಿಲ್ಲ. ಎಲ್ಲರ ಕಣ್ಣೆದುರೇ ಅರ್ಧರ್ಧ ಲೆಕ್ಕ ಬದಲಾಯಿಸಿಕೊಂಡು ಇಬ್ಬರೂ ಬೇರೆಬೇರೆಯಾಗಿ ಒಂದೇ ಉತ್ತರಕ್ಕೆ ಬರುತ್ತಾರೆ. ಡಿಫಿ ಮತ್ತು ಹೆಲ್ಮನ್ 1976ರಲ್ಲಿ ಪ್ರಕಟಿಸಿದ ಈ ಉಪಾಯ ನನಗೆ ಇಂದಿಗೂ ಕಣ್ಕಟ್ಟಿನಂತೆಯೇ ಕಾಣುತ್ತದೆ.

ಪೆಟ್ಟಿಗೆಯೊಳಗೆ ಸಿ ಲೈಬ್ರರಿ, ಸರ್ವರಿನಲ್ಲಿ ಜಾವಾ. ನಡುನಡುವೆ ಸಂಪರ್ಕ ಮುರಿಯುತ್ತಿತ್ತು. "ಮಳೀದ ಕಾಟ ಐತ್ರಿ ಸರ. ಮತ್ತೊಮ್ಮೆ ಕನೆಕ್ಟ್ ಮಾಡಿದ್ರ ಹತ್ತತೈತಿ" ಎನ್ನುತ್ತಿದ್ದ ನಮ್ಮ ಹುಡುಗ. ಹತ್ತುತ್ತಲೂ ಇತ್ತು. ಘಟ್ಟದ ಸೆರಗಿನ ಊರು. ಜೂನ್ ಹಿಡಿದರೆ ಕರೆಂಟು, ಟವರು ಎರಡನ್ನೂ ನಂಬುವಂತಿಲ್ಲ. ಆದರೆ ಮಳೆ ಕೆಡಿಸಿದರೆ ಒಮ್ಮೆಲೇ ಎಲ್ಲರದನ್ನೂ ಕೆಡಿಸುತ್ತದೆ. ಇದು ಏಪ್ರಿಲ್ ಬಿಸಿಲಲ್ಲೂ ಬಿಡಿಬಿಡಿಯಾಗಿ ಕೆಡುತ್ತಿತ್ತು. ಲಾಗ್ ತೆಗೆದು ಎಣಿಸಿದರೆ ಹೆಚ್ಚುಕಡಿಮೆ 256ಕ್ಕೆ ಒಂದು. ಆ ಅಂಕಿ ಕಂಡೊಡನೆ ಕುರ್ಚಿ ಎಳೆದುಕೊಂಡು ಕೂತೆ. ಒಂದು ಬೈಟು ತಾಳಬಹುದಾದ ಬೆಲೆಗಳು 256. ಅಂದರೆ ಎಲ್ಲೋ ಒಂದು ಬೈಟು ಸೊನ್ನೆಯಾದಾಗಷ್ಟೇ ಜಗಳ!

ಇನ್ನು ಉಳಿದದ್ದು ಸವಿಯುವ ಕೆಲಸ. ಪರೀಕ್ಷೆಯ ಕೀಲಿಗಳನ್ನು ಹಾಕಿ, ಎರಡೂ ಕಡೆ ಬಂದ ಗುಟ್ಟನ್ನು ಹೆಕ್ಸ್‌ನಲ್ಲಿ ಒಂದರ ಕೆಳಗೊಂದು ಅಚ್ಚು ಹಾಕಿಸಿ, ಬೆರಳಿಟ್ಟು ಓದುತ್ತ ಹೋಗುವುದು. ನಾವು ಬಳಸಿದ್ದು ಅದೇ ಉಪಾಯದ ವಕ್ರರೇಖೆಯ ರೂಪ. ಪಿ-256 ಎಂಬ ಆ ವಕ್ರರೇಖೆಯ ಗುಟ್ಟು 32 ಬೈಟು. ಸಾಲುಸಾಲು ತಾಳೆಯಾಗುತ್ತ ಬಂದು ಒಂದು ಕಡೆ ಪೆಟ್ಟಿಗೆಯದು 00 47 ಎಂದು ಶುರುವಾದರೆ ಸರ್ವರಿನದು ನೇರ 47. ಜಾವಾದ ಕೋಡು ಗುಟ್ಟನ್ನು ಸಂಖ್ಯೆಯೆಂದು ಎಣಿಸಿ ಬಿಗ್‌ಇಂಟೆಜರ್‌ಗೆ ಹಾಕಿ ಹೊರತೆಗೆಯುತ್ತಿತ್ತು. ಸಂಖ್ಯೆಯ ಮುಂದಿನ ಸೊನ್ನೆಗೆ ಏನು ಬೆಲೆ? ಉದುರಿಹೋಯಿತು. ಉಳಿದ 31 ಬೈಟಿನಿಂದ ಹುಟ್ಟಿದ ಕೀಲಿಗೂ ಅಸಲಿಗೂ ಸಂಬಂಧವೇ ಇಲ್ಲ. ಲೆಕ್ಕದ ಮೇಷ್ಟ್ರ ಹತ್ತಿರ ಹೋದರೆ ಸರ್ವರ್ ಸರಿ. ಬೈಟೆಣಿಸುವವರ ಹತ್ತಿರ ಹೋದರೆ ಪೆಟ್ಟಿಗೆ ಸರಿ. 32 ಬೈಟಾಗುವವರೆಗೆ ಮುಂದೆ ಸೊನ್ನೆ ತುಂಬು ಎಂದು ಒಂದು ಸಾಲು ಬರೆದರೆ ಮುಗಿಯಿತು.

ನಿಯಮ ಬರೆದ ದೊಡ್ಡವರೂ ಈ ಸೊನ್ನೆಯ ವಿಷಯದಲ್ಲಿ ಒಮ್ಮತಕ್ಕೆ ಬಂದವರಲ್ಲ. ವಕ್ರರೇಖೆಯಿಲ್ಲದ ಹಳೆಯ ಡಿಫಿ-ಹೆಲ್ಮನ್ ಗುಟ್ಟಿನ ಮುಂದಿನ ಸೊನ್ನೆಗಳನ್ನು ಕಿತ್ತುಹಾಕು ಎಂದಿತ್ತು, ಇಂಟರ್ನೆಟ್ ಮಾತುಕತೆಗೆ ಬೀಗ ಹಾಕುವ ನಿಯಮಾವಳಿಯಾದ, 2008ರ ಟಿಎಲ್‌ಎಸ್ 1.2. ಇಟ್ಟುಕೋ ಎಂದಿತು 2018ರ ಟಿಎಲ್‌ಎಸ್ 1.3. ಕಿತ್ತಾಗ ಲೆಕ್ಕಕ್ಕೆ ಹಿಡಿಯುವ ಸಮಯ ಒಂದಿಷ್ಟು ಕಡಿಮೆಯಾಗುತ್ತದೆಂಬ ಎಳೆ ಹಿಡಿದು ಗುಟ್ಟನ್ನೇ ಎಳೆಯಬಹುದೆಂದು 2020ರಲ್ಲಿ ರಕೂನ್ ಎಂಬ ದಾಳಿ ತೋರಿಸಿಕೊಟ್ಟಿತು.

ಈಗ ಕ್ವಾಂಟಮ್ ಕಂಪ್ಯೂಟರಿನ ಭಯಕ್ಕೆ ಎಂಎಲ್-ಕೆಇಎಮ್ ಎಂಬ ಹೊಸ ಕೀಲಿ ವಿಧಾನ ಬಂದಿದೆ. 2024ರಲ್ಲಿ ಅದರ ಮಾನಕವೂ ಹೊರಬಿತ್ತು. ಹಳೆಯ ವಿಧಾನದ ಜೊತೆ ಅದನ್ನು ಜೋಡಿಸಿ ಬಳಸುತ್ತಾರೆ. ಎಕ್ಸ್25519 ಎಂಬ ಇನ್ನೊಂದು ವಕ್ರರೇಖೆಯ ವಿಧಾನದ ಜೊತೆಗಿನ ಜೋಡಿಯಲ್ಲಿ ಹೆಸರಿಗೆ ಎಕ್ಸ್25519 ಮುಂದು, ಗುಟ್ಟು ಜೋಡಿಸುವಾಗ ಎಂಎಲ್-ಕೆಇಎಮ್ ಮುಂದು. ಪಿ-256ರ ಜೋಡಿಯಲ್ಲಿ ಹೆಸರಿನ ಕ್ರಮವೇ ಗುಟ್ಟಿನ ಕ್ರಮ. ಹೆಸರು ನೋಡಿಯೇ ಕೋಡು ಬರೆಯುವವರು ಇದ್ದೇ ಇರುತ್ತಾರೆ. ಅವರ ಲಾಗುಗಳಿಗಾಗಿ ನಾನು ಈಗಿನಿಂದಲೇ ದಾರಿ ಕಾಯುತ್ತಿದ್ದೇನೆ.