ಹತ್ತು ಸಾವಿರ ಹುಳುಗಳ ಲೆಕ್ಕ

ದಶಲಕ್ಷಣ ಪರ್ವದ ನಿಮಿತ್ತ ಇಳಕಲ್ಲಿನಲ್ಲಿ ನಮ್ಮ ಸಮಾಜದ ಮಕ್ಕಳಿಗೆ ಪ್ರಬಂಧ ಸ್ಪರ್ಧೆ ಏರ್ಪಟ್ಟಿತ್ತು. ಓದಿದವರ ಮನವೊಲಿಸುವಂತೆ ಬರೆಯಬೇಕೆಂಬುದು ನಿಯಮ. ನನ್ನ ಮೊಮ್ಮಗಳು 'ಅಹಿಂಸೆ' ಎಂಬ ವಿಷಯವನ್ನು ಆರಿಸಿಕೊಂಡು ಎರಡು ದಿನ ಬರೆದು, ಬರೆದುದನ್ನೆಲ್ಲ ಹರಿದು ಹಾಕಿದಳು. ಸಾಗರವನ್ನು ಬೊಗಸೆಯಲ್ಲಿ ಹಿಡಿಯಲಾದೀತೆ? "ತಂಗಿ, ನಮ್ಮ ಮನಿಯೊಳಗ ಕಾಣೂದೊಂದನ್ನ ಹಿಡಿ" ಎಂದೆ. ಹಾಗೆ 'ಪೂಜೆಗೆ ರೇಷ್ಮೆ ಸಲ್ಲುವುದೇ?' ಎಂಬುದು ವಿಷಯವಾಯಿತು.

ನನಗೆ ಹಿಗ್ಗಾಯಿತು. ಒಂದು ರೇಷ್ಮೆ ಸೀರೆಗೆ ಹತ್ತು ಸಾವಿರ ಹುಳುಗಳ ಪ್ರಾಣ ಹೋಗುತ್ತದೆಂದು ಎಷ್ಟೋ ವರ್ಷಗಳಿಂದ ಸಭೆಗಳಲ್ಲಿ ಹೇಳುತ್ತ ಬಂದವನು ನಾನು. ಆ ಮಾತಿಗೆ ಕಟ್ಟುಬಿದ್ದು ನನ್ನ ಧರ್ಮಪತ್ನಿಯೂ ತವರಿನವರು ಕೊಟ್ಟ ಇಳಕಲ್ ಸೀರೆಯನ್ನು ಸಂದೂಕಿನಲ್ಲಿಟ್ಟಿದ್ದಳು.

"ಅಜ್ಜಾ, ಈ ಲೆಕ್ಕ ಎಲ್ಲಿ ಓದೀರಿ?" ಎಂದಳು ಮೊಮ್ಮಗಳು. ನಾನು ನಿರುತ್ತರನಾದೆ. ಯಾರೋ ಹೇಳಿದ್ದರು, ನಾನೂ ಹೇಳಿದ್ದೆ.

ಅವಳು ರೇಷ್ಮೆ ಕೃಷಿಯ ಪುಸ್ತಕ ತಂದು ಓದಿದಳು. ಪತಂಗವು ಗೂಡನ್ನು ಭೇದಿಸಿ ಬಂದರೆ ಎಳೆ ತುಂಡಾಗುವುದರಿಂದ ಒಳಗಿನ ಜೀವವನ್ನು ಮೊದಲೇ ಶಾಖದಿಂದ ಕೊಲ್ಲುತ್ತಾರೆ. 1 ಕಿಲೋ ನೂಲಿಗೆ ಸುಮಾರು 7 ಕಿಲೋ ಗೂಡು ಬೇಕು. ಕಿಲೋಗೆ ಸುಮಾರು 600 ಗೂಡು. ಅರ್ಧ ಕಿಲೋ ರೇಷ್ಮೆಯ ಸೀರೆಗೆ ಎರಡು ಸಾವಿರದಷ್ಟು ಜೀವಗಳಾದವು.

ಬಳಿಕ ಅಜ್ಜಿಯ ಸೀರೆಯೊಡನೆ ನೇಕಾರರೊಬ್ಬರ ಮನೆಗೆ ಹೋದೆವು. ಕುಣಿಮಗ್ಗದಿಂದೆದ್ದು ಬಂದ ಆ ಹಿರಿಯರು ಒಡಲಿಗೂ ಸೆರಗಿಗೂ ಬೆಸುಗೆಯಾದ ಕೊಂಡಿಯನ್ನು ತೋರಿಸಿದರು. ಒಡಲು ಹತ್ತಿ. ಸೆರಗಿನ ಅಂಚಿನಿಂದ ಒಂದೆಳೆ ಕಿತ್ತು ದೀಪಕ್ಕೆ ಹಿಡಿದರು. ರೇಷ್ಮೆಯಾದರೆ ಕೂದಲು ಸುಟ್ಟ ವಾಸನೆ ಬರಬೇಕು. ಬಂದದ್ದು ಕಾಗದ ಸುಟ್ಟ ವಾಸನೆ. "ಇದು ಚಮಕಾ ರೀ, ರೇಷ್ಮಿ ಅಲ್ಲ" ಎಂದರು. ಮರದ ತಿರುಳಿನಿಂದಾಗುವ ಕೃತಕ ರೇಷ್ಮೆ! ಬಳಿಕ ಅವರೇ ಕೇಳಿದರು: "ನೀವೆಲ್ಲಾ ಸೀರಿ ಬಿಟ್ರ ನಮ್ಮ ಮಗ್ಗದ ಗತಿ ಏನ್ರೀ?"

ಮೊಮ್ಮಗಳು ಆ ಪ್ರಶ್ನೆಯನ್ನೂ ಬರೆದಳು; ಎದುರು ಪಕ್ಷವನ್ನು ಮರೆಮಾಚುವುದು ಅನೇಕಾಂತಕ್ಕೆ ಒಪ್ಪದು. ಸೀರೆಯನ್ನು ಬಿಡಬೇಕಿಲ್ಲ, ಬಸದಿಗೆ ಹತ್ತಿಯ ಅಥವಾ ಚಮಕಾ ಸೆರಗಿನ ಇಳಕಲ್ ಸೀರೆಯನ್ನೇ ಕೇಳಿ ಕೊಳ್ಳೋಣ ಎಂಬುದು ಅವಳ ನಿಲುವು. ಪುಸ್ತಕದ ಹೆಸರನ್ನೂ ನೇಕಾರರ ಉಪಕಾರವನ್ನೂ ಕಾಣಿಸಿದಳು. ಪರರ ಮಾತನ್ನು ತನ್ನದೆನ್ನುವುದು ಅಚೌರ್ಯಕ್ಕೆ ಭಂಗವಲ್ಲವೇ?

ಅನಂತ ಚತುರ್ದಶಿಯಂದು ಸಭೆಯಲ್ಲಿ ನನ್ನ ಹಳೆಯ ಲೆಕ್ಕವನ್ನು ತಿದ್ದಿ ಹೇಳಿದೆ. ಎರಡು ಸಾವಿರವಾದರೂ ಹಿಂಸೆ ಹಿಂಸೆಯೇ. ಅದಕ್ಕೆ ಸುಳ್ಳಿನ ಊರುಗೋಲು ಬೇಕಿರಲಿಲ್ಲ. ಧರ್ಮಬಂಧುಗಳೇ, ಅಹಿಂಸೆಯ ಪರವಾಗಿ ಆಡಿದ ಮಾತ್ರಕ್ಕೆ ಪರೀಕ್ಷಿಸದ ಮಾತು ಸತ್ಯಾಣುವ್ರತದಿಂದ ಪಾರಾಗದು. ಅಂದು ಸಭೆಯ ಮುಂದಿನ ಸಾಲಿನಲ್ಲಿ ಕುಳಿತಿದ್ದ ನನ್ನ ಧರ್ಮಪತ್ನಿ ತವರಿನ ಆ ಸೀರೆಯನ್ನೇ ಉಟ್ಟಿದ್ದಳು.